ಅಮಾವಾಸ್ಯೆ ಇಲ್ಲದ ದಿನ ಉಕ್ಕಿದ ಕಡಲು: ಒಂದು ಮರುಬೋಧನೆ

ಅಭ್ಯಾಸ ಬೋಧನೆಗೆ ನನಗೆ ಸಿಕ್ಕಿದ್ದು ಉಳ್ಳಾಲದ ಕಡೆಯ ಒಂದು ಪ್ರೌಢಶಾಲೆ. ಎಂಟನೇ ತರಗತಿ, ಉಬ್ಬರವಿಳಿತದ ಪಾಠ. ಹುಣ್ಣಿಮೆ, ಅಮಾವಾಸ್ಯೆಗಳಂದು ಸೂರ್ಯ, ಚಂದ್ರ, ಭೂಮಿ ಒಂದೇ ನೇರಕ್ಕೆ ಬರುವುದರಿಂದ ಭರತ ಹೆಚ್ಚು ಎಂಬ ಕಲಿಕಾಂಶವನ್ನು ಮಕ್ಕಳು ಚಾರ್ಟ್ ನೋಡಿ ಬೇಗ ಹಿಡಿದರು. ಮೌಲ್ಯಮಾಪನಕ್ಕೆ ‘ಕಡಲ ನೀರು ಊರಿಗೆ ನುಗ್ಗುವ ಅಪಾಯ ಯಾವ ದಿನಗಳಲ್ಲಿದೆ?’ ಎಂದು ಕೇಳಿದೆ. ಒಬ್ಬ ಹುಡುಗಿ ‘ಯಾವ ದಿನವಾದರೂ’ ಎಂದು ಬರೆದಿದ್ದಳು. ತಪ್ಪು ಹಾಕಿದೆ.

ಬೆಲ್ ಆದ ಮೇಲೆ ಅವಳು ಪುಸ್ತಕ ಹಿಡಿದು ಬಂದಳು. “ಟೀಚರ್, ತೌಕ್ತೆ ಬಂದಾಗ ನಮ್ಮ ಅಂಗಳಕ್ಕೆ ನೀರು ಬಂದಿತ್ತು. ಅವತ್ತು ಅಮಾವಾಸ್ಯೆಯಾ?”

ಸಂಜೆ ಪಂಚಾಂಗ ನೋಡಿದೆ. 2021ರ ಮೇ 11ಕ್ಕೆ ಅಮಾವಾಸ್ಯೆ, 26ಕ್ಕೆ ಹುಣ್ಣಿಮೆ. ತೌಕ್ತೆ ನಮ್ಮ ಕರಾವಳಿಯಾಚೆ ಹಾದುಹೋದದ್ದು 15, 16ರ ಹೊತ್ತಿಗೆ. ಅವಳ ಉತ್ತರವೇ ಸರಿ. ನನ್ನ ಪಾಠ ನಂಬಿದ ಮಗು ‘ಇವತ್ತು ಹುಣ್ಣಿಮೆಯಲ್ಲ’ ಎಂದು ಧೈರ್ಯದಿಂದ ಕಡಲ ಬದಿಗೆ ಹೋಗಬಹುದಿತ್ತು. ಆ ರಾತ್ರಿ ಪಾಠ ಯೋಜನೆಯನ್ನು ಮತ್ತೆ ಬರೆದೆ.

ಮರುದಿನ ಚಾರ್ಟ್ ಇಲ್ಲ, ಒಂದು ಅಗಲದ ಪ್ಲಾಸ್ಟಿಕ್ ಟಬ್. ಒಂದು ಬದಿಗೆ ಮರಳಿನ ದಂಡೆ, ಅದರ ಹಿಂದೆ ಮನೆಯೆಂದು ಬೆಂಕಿಪೊಟ್ಟಣ. ನೀರು ಕಡಿಮೆಯಿದ್ದಾಗ ಸ್ಕೇಲಿನಿಂದ ಮೆಲ್ಲಗೆ ತೆರೆ ಎಬ್ಬಿಸಿದರೆ ಮನೆಗೆ ಏನೂ ಆಗಲಿಲ್ಲ. ಎರಡು ಲೋಟ ನೀರು ಸೇರಿಸಿ ಅದೇ ತೆರೆ ಎಬ್ಬಿಸಿದಾಗ ಪೊಟ್ಟಣ ತೇಲಿತು. ಆಮೇಲೆ ಆ ನೀರು ತೆಗೆದು ಜೋರಾಗಿ ತೆರೆ ಎಬ್ಬಿಸಲು ಹೇಳಿದೆ. ಆಗಲೂ ತೇಲಿತು! ಭರತ ಒಂದು ಪಾಲು, ಗಾಳಿ ಮತ್ತು ತೆರೆ ಇನ್ನೊಂದು ಪಾಲು ಎಂದು ಮಕ್ಕಳೇ ಹೇಳಿದರು. ಚಂಡಮಾರುತದಲ್ಲಿ ವಾಯುಭಾರ ಒಂದು ಹೆಕ್ಟೊಪಾಸ್ಕಲ್ ಇಳಿದರೆ ನೀರಿನ ಮಟ್ಟ ಸುಮಾರು ಒಂದು ಸೆಂ.ಮೀ. ಏರುತ್ತದೆ ಎಂಬುದನ್ನು ನಾನು ಸೇರಿಸಿದೆ.

ಇಲ್ಲಿ ಗಾಳಿಯೇ ಇಲ್ಲದಿದ್ದರೆ? ಆಗಲೂ ಆಗಬಹುದು. ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿ ಎಬ್ಬಿಸಿದ ಉದ್ದ ತೆರೆಗಳು ದಿನಗಟ್ಟಲೆ ಸಾಗಿ ಬಿಸಿಲಿರುವ ದಿನವೇ ನಮ್ಮ ದಡಕ್ಕೆ ಬಂದು ನುಗ್ಗುತ್ತವೆ. ಕೇರಳದವರು ಇದನ್ನು ಕಳ್ಳಕ್ಕಡಲ್ ಎನ್ನುತ್ತಾರೆ, ಕಳ್ಳನಂತೆ ಬರುವ ಕಡಲು. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಇದರ ಮುನ್ನೆಚ್ಚರಿಕೆ ಕೊಡುತ್ತದೆ. ಪಂಚಾಂಗದ ಜೊತೆಗೆ ಆ ಎಚ್ಚರಿಕೆಯನ್ನೂ ನೋಡಬೇಕು ಎಂದು ಬೋರ್ಡಿನಲ್ಲಿ ಬರೆದೆವು.

ಸುರಕ್ಷತೆಯ ಭಾಗದಲ್ಲಿ ಮಕ್ಕಳದ್ದೇ ಮಾತು ಹೆಚ್ಚು. ತೆರೆ ನೋಡಲು ತಡೆಗೋಡೆಯ ಕಲ್ಲು ಹತ್ತಬಾರದು. ಕಲ್ಲು ಜಾರುತ್ತದೆ, ಎಷ್ಟನೆಯ ತೆರೆ ದೊಡ್ಡದೆಂದು ಮೊದಲೇ ಗೊತ್ತಾಗುವುದಿಲ್ಲ. ಮೇನ್ ಸ್ವಿಚ್ಚನ್ನು ನೀರು ಒಳಗೆ ಬರುವ ಮೊದಲೇ ಆರಿಸಬೇಕು, ನೀರಲ್ಲಿ ನಿಂತು ಮುಟ್ಟಬಾರದು. ರೇಷನ್ ಕಾರ್ಡ್, ಆಧಾರ್, ಅಜ್ಜಿಯ ಮಾತ್ರೆ ಒಂದೇ ಪ್ಲಾಸ್ಟಿಕ್ ಚೀಲದಲ್ಲಿರಲಿ. ಭರತದ ಹೊತ್ತಿಗೆ ಮುಂಚೆ, ಬೆಳಕಿರುವಾಗಲೇ ಎತ್ತರದ ಜಾಗಕ್ಕೆ ಹೊರಡಬೇಕು. ರಭಸದ ನೀರು ಮೊಣಕಾಲಿಗಿಂತ ಕೆಳಗಿದ್ದರೂ ದೊಡ್ಡವರನ್ನೇ ಬೀಳಿಸುತ್ತದೆ. ಸಹಾಯಕ್ಕೆ 112, ಜಿಲ್ಲಾ ಕಂಟ್ರೋಲ್ ರೂಮಿಗೆ 1077. ಬಾವಿಗೆ ಕಡಲ ನೀರು ಸೇರಿದರೆ ಕುದಿಸಿದರೂ ಉಪ್ಪು ಹೋಗುವುದಿಲ್ಲ ಎಂಬುದು ಹಲವರಿಗೆ ಹೊಸತು.

“ಅಪ್ಪ ದೋಣಿ ಎಳೆಯಲು ಹೋಗಲೇಬೇಕಲ್ಲ ಟೀಚರ್?” ಎಂದ ಒಬ್ಬ ಹುಡುಗ. ಹೋಗಬೇಡಿ ಎನ್ನಲು ನನಗೆ ಬಾಯಿ ಬರಲಿಲ್ಲ. ದೋಣಿಯೇ ಆ ಮನೆಯ ಅನ್ನ. ಎಚ್ಚರಿಕೆ ಬಂದ ಕೂಡಲೇ ಎಳೆದಿಡಿ, ತೆರೆ ಎದ್ದ ಮೇಲೆ ಅಲ್ಲ ಎಂದೆ. ಅವನು ಮನೆಯಲ್ಲಿ ಹೇಳುತ್ತೇನೆಂದ.

ಹುಡುಗಿಯ ಪುಸ್ತಕದಲ್ಲಿ ನನ್ನ ತಪ್ಪು ಗುರುತನ್ನು ಹೊಡೆದು ಅಂಕ ಕೊಟ್ಟೆ. ಈ ಚಟುವಟಿಕೆ ಮಾಡುವ ಸಹಪಾಠಿಗಳು ಟಬ್ಬಿನ ಕೆಳಗೆ ಗೋಣಿಚೀಲ ಹಾಸಿಕೊಳ್ಳಿ. ನಮಗೆ ನೆಲ ಒರೆಸಲು ಹತ್ತು ನಿಮಿಷ ಹೋಯಿತು, ಮುಂದಿನ ಪೀರಿಯಡ್ ಗಣಿತದ್ದು.