ಮೊದಲು ನಿನ್ನ ಪರೀಕ್ಷೆ ಆಗಲಿ

ಅಳಿಯಾ, ಮದುವೆಯಾಗಿ ಎರಡು ವರ್ಷ ಆಗುತ್ತಿದ್ದಂತೆ ನಿನ್ನ ಹೆಂಡತಿಯನ್ನು ಸ್ಕ್ಯಾನಿಂಗು, ರಕ್ತಪರೀಕ್ಷೆ, ಹರಕೆ, ಕುಕ್ಕೆ ಸುಬ್ರಹ್ಮಣ್ಯ ಎಂದು ಸುತ್ತಿಸುತ್ತಿದ್ದಾರಂತೆ. ದೇವರ ಬಳಿ ಹೋಗುವುದಕ್ಕೆ ನನ್ನ ತಕರಾರಿಲ್ಲ. ಇಷ್ಟೆಲ್ಲದರ ನಡುವೆ ನಿನ್ನ ವೀರ್ಯಪರೀಕ್ಷೆ ಒಂದಾದರೂ ಆಯಿತೇ? ಮಕ್ಕಳಾಗದ ದಂಪತಿಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಕಡೆ ಗಂಡಸಿನ ಕಾರಣವೂ ಸೇರಿರುತ್ತದೆ. ಅವಳಿಗೆ ಮಾಡುವ ಪರೀಕ್ಷೆಗಳಲ್ಲಿ ಕೆಲವು ನೋವಿನವು. ನಿನ್ನದಕ್ಕೆ ಬೇಕಿರುವುದು ಒಂದು ಪ್ಲಾಸ್ಟಿಕ್ ಡಬ್ಬಿ, ಸ್ವಲ್ಪ ನಾಚಿಕೆ ಬಿಡುವುದು, ಅಷ್ಟೇ. 'ನನಗೇನೂ ಕೊರತೆಯಿಲ್ಲ ಮಾವಾ' ಅನ್ನಬೇಡ. ಹಾಸಿಗೆಯ ಶಕ್ತಿ ಬೇರೆ, ವೀರ್ಯಾಣುವಿನ ಲೆಕ್ಕ ಬೇರೆ. ಕಣ್ಣಿಗೆ ಕಾಣದ್ದನ್ನು ಸೂಕ್ಷ್ಮದರ್ಶಕವೇ ಹೇಳಬೇಕು.

ವೀರ್ಯಾಣು ರಾತ್ರಿ ಬೆಳಗಾಗುವುದರಲ್ಲಿ ಆಗುವುದಿಲ್ಲ. ವೃಷಣದಲ್ಲಿ ರೂಪುಗೊಳ್ಳಲು ಸುಮಾರು 74 ದಿನ, ಆಮೇಲೆ ಪಕ್ಕದ ಸುರುಳಿ ನಾಳದಲ್ಲಿ ಬಲಿತು ಈಜುವಂತಾಗಲು ಹೆಚ್ಚುಕಡಿಮೆ ಎರಡು ವಾರ. ರಾಗಿ ಬಿತ್ತಿ ಕೊಯ್ಯುವಷ್ಟು ಕಾಲ ಹಿಡಿಯುತ್ತದೆ. ಹಾಗಾಗಿ ಯುಗಾದಿಗೆ ಸಿಗರೇಟು ಬಿಟ್ಟರೆ ಅದರ ಗುಣ ಕಾಣುವುದು ಮುಂಗಾರು ಹಿಡಿದ ಮೇಲೆ. ಎರಡು ವಾರ ಬಿಟ್ಟು 'ಏನೂ ಪ್ರಯೋಜನ ಇಲ್ಲ' ಎಂದು ಮತ್ತೆ ಹಚ್ಚಿಕೊಂಡವರನ್ನು ಬಹಳ ನೋಡಿದ್ದೇನೆ.

ಸಿಗರೇಟು ಒಂದೇ ಅಲ್ಲ. ರಾಜ್ಯದಲ್ಲಿ 2013ರಲ್ಲೇ ಗುಟ್ಕಾ ನಿಷೇಧವಾಯಿತು. ಅಂಗಡಿಯವರು ಪಾನ್ ಮಸಾಲೆ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ ಕೊಟ್ಟು ಬಾಯಲ್ಲೇ ಬೆರೆಸಿಕೊಳ್ಳಿ ಅನ್ನತೊಡಗಿದರು. ಹೊಗೆ ಇಲ್ಲದ ಮಾತ್ರಕ್ಕೆ ತಂಬಾಕು ಸಾಧುವಾಗುವುದಿಲ್ಲ. ವಾರಾಂತ್ಯದ ಪಾರ್ಟಿ, ಬೆಳೆಯುತ್ತಿರುವ ಹೊಟ್ಟೆ ಕೂಡ ಲೆಕ್ಕಕ್ಕೆ ಬರುತ್ತವೆ: ಮೈಯ ಕೊಬ್ಬು ಗಂಡು ಹಾರ್ಮೋನನ್ನು ಹೆಣ್ಣು ಹಾರ್ಮೋನಾಗಿ ಮಾರ್ಪಡಿಸುತ್ತದೆ.

ವೃಷಣಗಳು ಮೈಯಿಂದ ಹೊರಗೆ ತೂಗಿರುವುದು ಸುಮ್ಮನೆ ಅಲ್ಲ. ಅವಕ್ಕೆ ಮೈಗಿಂತ ಎರಡು ಮೂರು ಡಿಗ್ರಿ ತಂಪು ಬೇಕು. ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಗಂಟೆಗಟ್ಟಲೆ ಕೂರಬೇಡ, ಬಿಗಿ ಚಡ್ಡಿ ಬಿಡು. ಬೇಕರಿ ಒಲೆಯ ಮುಂದೆ ದುಡಿಯುವವರಿಗೆ ಈ ಮಾತು ಹೇಳುವುದು ಕಷ್ಟ, ಅವರ ಹೊಟ್ಟೆಪಾಡೇ ಅದು. ನಿನಗೆ ಆ ನೆಪವೂ ಇಲ್ಲ.

ನನಗೆ ಹೆಚ್ಚು ದಿಗಿಲಾಗಿರುವುದು ನಿನ್ನ ಜಿಮ್ಮಿನ ವಿಷಯ. ಕಸರತ್ತು ಒಳ್ಳೆಯದೇ, ತೋಳು ಬೇಗ ದಪ್ಪವಾಗಲೆಂದು ಅಲ್ಲಿ ಕೊಡುವ ಟೆಸ್ಟೋಸ್ಟೆರಾನ್ ಇಂಜೆಕ್ಷನ್ ಒಳ್ಳೆಯದಲ್ಲ. ಹೊರಗಿನಿಂದ ಬಂದದ್ದನ್ನು ಕಂಡು ಮೆದುಳು ಇನ್ನು ಸಾಕೆಂದು ವೃಷಣಕ್ಕೆ ಸೂಚನೆ ಕಳಿಸುವುದನ್ನೇ ನಿಲ್ಲಿಸುತ್ತದೆ. ರಕ್ತದಲ್ಲಿ ಹಾರ್ಮೋನು ತುಂಬಿ ತುಳುಕುತ್ತಿರುತ್ತದೆ, ಕೆಲಸ ನಡೆಯಬೇಕಾದ ವೃಷಣದೊಳಗೆ ಬರಗಾಲ. ಎಷ್ಟೋ ಜನರ ಎಣಿಕೆ ಸೊನ್ನೆಗೆ ಇಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 1990ರ ಆಸುಪಾಸಿನಲ್ಲಿ ಇದೇ ಟೆಸ್ಟೋಸ್ಟೆರಾನ್ ಇಂಜೆಕ್ಷನ್ನನ್ನು ಗಂಡಸರ ಗರ್ಭನಿರೋಧಕವಾಗಿ ಪರೀಕ್ಷಿಸಿ ನೋಡಿತ್ತು, ಅದು ಕೆಲಸವನ್ನೂ ಮಾಡಿತ್ತು! ಗಂಡಸುತನ ಹೆಚ್ಚಿಸಿಕೊಳ್ಳಲು ಹೋದವನು ದುಡ್ಡು ಕೊಟ್ಟು ಗರ್ಭನಿರೋಧಕ ಹಾಕಿಸಿಕೊಂಡು ಬರುತ್ತಾನೆ. ನಿಲ್ಲಿಸಿದ ಮೇಲೆ ಬಹಳಷ್ಟು ಜನರಿಗೆ ಮರಳಿ ಬರುತ್ತದೆ, ಆದರೆ ತಿಂಗಳುಗಳು ಬೇಕು, ಕೆಲವರಿಗೆ ವರ್ಷವೂ ದಾಟುತ್ತದೆ. ಚುಚ್ಚಿಸಿಕೊಂಡಿದ್ದರೆ ಡಾಕ್ಟರ ಹತ್ತಿರ ಮುಚ್ಚಿಡಬೇಡ.

ಈ ಎಲ್ಲ ಚಟ ಬಿಟ್ಟರೂ ಸರಿಹೋಗದ ಕಾರಣಗಳಿರುತ್ತವೆ: ವೃಷಣದ ನರ ಊದಿಕೊಂಡಿರುವುದು, ದೊಡ್ಡವನಾದ ಮೇಲೆ ಬಂದ ಮಂಗನಬಾವು, ಹುಟ್ಟಿನಿಂದ ಬಂದ ತೊಂದರೆ. ಅವಕ್ಕೆ ಡಾಕ್ಟರೇ ಬೇಕು; ಬಸ್‌ಸ್ಟ್ಯಾಂಡಿನ ಗೋಡೆ ಮೇಲೆ ಫೋನ್ ನಂಬರು ಬರೆಸಿದವನ ಲೇಹ್ಯವಲ್ಲ.

ಪರೀಕ್ಷೆಗೆ ಎರಡು ದಿನಕ್ಕಿಂತ ಕಡಿಮೆಯಿಲ್ಲದಂತೆ, ಏಳು ದಿನ ಮೀರದಂತೆ ಸಂಯಮ ಇರಲಿ. ಮನೆಯಿಂದ ಒಯ್ಯುವುದಾದರೆ ಡಬ್ಬಿ ಒಂದು ಗಂಟೆಯೊಳಗೆ ಲ್ಯಾಬ್ ಸೇರಬೇಕು. ಹಿಂದಿನ ಎರಡು ಮೂರು ತಿಂಗಳಲ್ಲಿ ಜೋರು ಜ್ವರ ಬಂದಿದ್ದರೆ ಮೊದಲೇ ಹೇಳು, ಅದರಿಂದಲೂ ಎಣಿಕೆ ಬೀಳುತ್ತದೆ. ರಿಪೋರ್ಟ್ ಚೆನ್ನಾಗಿಲ್ಲದಿದ್ದರೆ ಒಂದಕ್ಕೇ ಎದೆಗುಂದಬೇಡ, ಇನ್ನೊಂದು ಸಲ ಮಾಡಿಸು. ಆ ದಿನ ಅವಳನ್ನೂ ಜೊತೆಗೆ ಕರೆದುಕೊಂಡು ಹೋಗು.