ನಾಲ್ಕು ಚಕ್ರಗಳಿಗೂ ಬಲವುಳ್ಳ ಮೋಟಾರು ಗಾಡಿಗಳು: ಮ್ಯಾನ್ಯುಯಲ್ಲಿಗೂ ಆಟೋಮ್ಯಾಟಿಕ್ಕಿಗೂ ಇರುವ ಭೇದ

ಮುಂಗಾರು ಬಲವಾಗಿ ಹಿಡಿದ ಮೇಲೆ ಮಲೆನಾಡಿನಲ್ಲಿಯೂ ಕೊಡಗಿನಲ್ಲಿಯೂ ತೋಟಗಳಿಗೆ ಹೋಗುವ ದಾರಿಗಳು ಕೆಸರಾಗಿ, ಎರಡು ಚಕ್ರಗಳಿಗೆ ಮಾತ್ರ ಬಲವುಳ್ಳ ಕಾರುಗಳು ಏರಿನಲ್ಲಿ ನಿಂತುಬಿಡುವುದು ಎಲ್ಲರೂ ಕಂಡ ವಿಷಯ. ಆದಕಾರಣ ಅನೇಕ ಜಮೀನುದಾರರು ನಾಲ್ಕು ಚಕ್ರಗಳಿಗೂ ಎಂಜಿನ್ನಿನ ಬಲವು ಮುಟ್ಟುವಂಥ ಗಾಡಿಗಳನ್ನು ಕೊಳ್ಳುತ್ತಿರುವರು. ಕೊಳ್ಳುವಾಗ, ಕೈಯಿಂದ ಗೇರು ಹಾಕುವ ಮ್ಯಾನ್ಯುಯಲ್ ಬೇಕೋ, ತಾನಾಗಿ ಗೇರು ಬೀಳುವ ಆಟೋಮ್ಯಾಟಿಕ್ ಬೇಕೋ ಎಂಬ ಪ್ರಶ್ನೆ ಬರುವುದು. ಈ ಆಯ್ಕೆಯು ಎಡಗಾಲಿನ ಶ್ರಮಕ್ಕೆ ಮಾತ್ರ ಸಂಬಂಧಪಟ್ಟುದೆಂದು ಬಹುಮಂದಿ ಭಾವಿಸುವರು. ಕೆಲವು ಗಾಡಿಗಳಲ್ಲಿ ಅದು ನಿಜ. ಬೇರೆ ಕೆಲವುಗಳಲ್ಲಿ ಗೇರುಪೆಟ್ಟಿಗೆಯ ಜಾತಿ ಬದಲಾದರೆ ಬಲವನ್ನು ಹಂಚುವ ರೀತಿಯೇ ಬದಲಾಗುವುದು. ಇದನ್ನು ತಿಳಿಯದೆ ನಡೆದುಕೊಂಡಲ್ಲಿ ಒಂದು ಜೊತೆ ಟೈರನ್ನು ಉಳಿಸಹೋಗಿ ಗೇರುಪೆಟ್ಟಿಗೆಯನ್ನೇ ಕಳೆದುಕೊಳ್ಳುವ ಸಂಭವವುಂಟು.

ಕಣದಲ್ಲಿ ಮೇಟಿಗೆ ಕಟ್ಟಿ ತೆನೆ ತುಳಿಸುವ ಎತ್ತುಗಳನ್ನು ನೆನೆಯಿರಿ. ಮೇಟಿಯ ಪಕ್ಕದ ಎತ್ತು ಸಣ್ಣ ಸುತ್ತನ್ನೂ ಹೊರಗಣ ಎತ್ತು ದೊಡ್ಡ ಸುತ್ತನ್ನೂ ನಡೆಯಬೇಕು. ತಿರುವಿನಲ್ಲಿ ಕಾರಿನ ಚಕ್ರಗಳ ಸ್ಥಿತಿಯೂ ಹಾಗೆಯೇ. ಮುಂದಿನ ಜೊತೆ ಹಿಂದಿನ ಜೊತೆಗಿಂತ ಹೆಚ್ಚು ದೂರ ಉರುಳುವುದು. ಎರಡು ಜೊತೆಗಳನ್ನೂ ಬಿಗಿಯಾಗಿ ಒಂದೇ ದಂಡಕ್ಕೆ ಜೋಡಿಸಿದರೆ ಕೆಸರಿನಲ್ಲಿ ತೊಂದರೆಯಿಲ್ಲ, ಯಾವುದಾದರೊಂದು ಚಕ್ರ ತುಸು ಜಾರಿ ಸರಿದೂಗಿಸಿಕೊಳ್ಳುವುದು. ಗಟ್ಟಿಯಾದ ಟಾರು ರಸ್ತೆಯಲ್ಲಿ ಜಾರಲು ಆಸ್ಪದವಿಲ್ಲದೆ ದಂಡವೂ ಹಲ್ಲುಚಕ್ರಗಳೂ ಹುರಿಗೊಂಡು, ತಿರುವುಚಕ್ರ ಬಿಗಿಯಾಗಿ, ಕೊನೆಗೆ ಏನಾದರೊಂದು ಮುರಿಯುವುದು.

ಜೀಪಿನ ಕುಲದ ಗಾಡಿಗಳೆಲ್ಲ ಈ ಬಿಗಿ ಜೋಡಣೆಯವು. 1941ರಲ್ಲಿ ಅಮೆರಿಕದ ಸೈನ್ಯಕ್ಕಾಗಿ ತಯಾರಾದ ವಿಲಿಸ್ ಜೀಪು, 1985ರಲ್ಲಿ ಬಂದ ಮಾರುತಿ ಜಿಪ್ಸಿ, 2020ರ ಹೊಸ ಮಹೀಂದ್ರ ಥಾರ್, 2023ರ ಮಾರುತಿ ಜಿಮ್ನಿ ಇವುಗಳಲ್ಲಿ ಗೇರುಪೆಟ್ಟಿಗೆಯ ಹಿಂದೆ ಇನ್ನೊಂದು ಸಣ್ಣ ಪೆಟ್ಟಿಗೆಯೂ ಅದಕ್ಕೊಂದು ಸನ್ನೆಗೋಲೂ ಇರುವುವು. ಸನ್ನೆಗೋಲನ್ನು ಎಳೆದಾಗ ಮಾತ್ರ ನಾಲ್ಕು ಚಕ್ರಗಳಿಗೂ ಬಲ. ಥಾರ್ ಮತ್ತು ಜಿಮ್ನಿಗಳು ಎರಡು ಬಗೆಯ ಗೇರುಪೆಟ್ಟಿಗೆಗಳೊಡನೆಯೂ ಬಂದಿರುವುವು. ಆದರೆ ಹಂಚುವ ಪೆಟ್ಟಿಗೆ ಎರಡರಲ್ಲಿಯೂ ಒಂದೇ ತೆರನಾದುದು. ಇಲ್ಲಿ ಭೇದವು ಹೊರಡುವಾಗಲೂ ಇಳಿಯುವಾಗಲೂ ಮಾತ್ರ ಕಾಣುವುದು. ಏರಿನ ಕೆಸರಿನಲ್ಲಿ ಮ್ಯಾನ್ಯುಯಲ್ಲನ್ನು ಅರೆ ಕ್ಲಚ್ಚಿನಲ್ಲಿ ಹಿಡಿದು ನಿಲ್ಲಿಸುವವನು ಕ್ಲಚ್ಚನ್ನು ಸುಡುವನು. ಆಟೋಮ್ಯಾಟಿಕ್ಕು ಎಣ್ಣೆಯ ಮೂಲಕ ಬಲವನ್ನು ಮೆಲ್ಲನೆ ಮುಟ್ಟಿಸುವುದರಿಂದ ಆ ಭಯ ಕಡಿಮೆ. ಇಳಿಜಾರಿನಲ್ಲಿ ಮ್ಯಾನ್ಯುಯಲ್ಲಿನ ಮೊದಲನೆಯ ಗೇರು ಗಾಡಿಯನ್ನು ದೃಢವಾಗಿ ತಡೆದು ಹಿಡಿಯುವುದು. ಆಟೋಮ್ಯಾಟಿಕ್ಕಿನವನು ಕೆಳಗಿನ ಗೇರನ್ನು ತಾನೇ ಹಾಕಿಕೊಳ್ಳಬೇಕು.

ಇನ್ನೊಂದು ಕುಲದ ಗಾಡಿಗಳಲ್ಲಿ ಸನ್ನೆಗೋಲೇ ಇಲ್ಲ. ನಾಲ್ಕು ಚಕ್ರಗಳಿಗೂ ಸದಾ ಬಲವಿರುವುದು. ಟ್ರ್ಯಾಕ್ಟರಿನ ಬೆನ್ನಿಗೆ ನೇಗಿಲನ್ನು ಜೋಡಿಸುವ ಕ್ರಮದಿಂದ ರೈತರಿಗೆಲ್ಲ ಪರಿಚಿತನಾದ ಹ್ಯಾರಿ ಫರ್ಗುಸನ್ನನೇ ತನ್ನ ಕಡೆಯ ವರ್ಷಗಳನ್ನು ಈ ವಿದ್ಯೆಗೆ ಮುಡಿಪಿಟ್ಟನೆಂಬುದು ಸ್ವಾರಸ್ಯವಾದ ಸಂಗತಿ. ಆತನು 1960ರಲ್ಲಿ ತೀರಿಕೊಂಡನು. ಅವನ ಕ್ರಮವನ್ನು ಅನುಸರಿಸಿದ ಜೆನ್ಸೆನ್ ಎಫ್‌ಎಫ್ ಎಂಬ ಕಾರು 1966ರಲ್ಲಿ ಇಂಗ್ಲೆಂಡಿನಲ್ಲಿ ಹೊರಬಂದಿತು.

ಮ್ಯಾನ್ಯುಯಲ್ಲಿಗೂ ಆಟೋಮ್ಯಾಟಿಕ್ಕಿಗೂ ನಿಜವಾದ ಭೇದವಿರುವುದು ಈ ಎರಡನೆಯ ಕುಲದಲ್ಲಿ. ಜಪಾನಿನ ಸುಬಾರು ಕಾರು ಇದಕ್ಕೆ ಒಳ್ಳೆಯ ಉದಾಹರಣೆ. ಅದು ನಮ್ಮ ರಸ್ತೆಗಳಲ್ಲಿ ವಿರಳವಾದರೂ, ಒಂದೇ ಕಾರನ್ನು ಎರಡು ಬಗೆಯಾಗಿ ಕಟ್ಟಿರುವುದರಿಂದ ವಿಷಯವು ಸ್ಪಷ್ಟವಾಗುವುದು.

ಸುಬಾರುವಿನ ಸಾಮಾನ್ಯ ಮ್ಯಾನ್ಯುಯಲ್ಲಿನಲ್ಲಿ ಮುಂದಿನ ಮತ್ತು ಹಿಂದಿನ ಜೊತೆಗಳ ನಡುವೆ ಒಂದು ಡಿಫರೆನ್ಷಿಯಲ್ ಇರುವುದು. ಅದು ಬಲವನ್ನು ಸರಿಪಾಲಾಗಿ, ಅಂದರೆ ನೂರರಲ್ಲಿ 50 ಮುಂದಕ್ಕೂ 50 ಹಿಂದಕ್ಕೂ ಹಂಚಿ, ತಿರುವಿನಲ್ಲಿ ಜೊತೆಗಳು ಬೇರೆ ಬೇರೆ ವೇಗದಲ್ಲಿ ಉರುಳಲು ಎಡೆಗೊಡುವುದು. ಆದರೆ ಅದಕ್ಕೆ ನೊಗದ ದೋಷವೊಂದುಂಟು. ನೊಗದ ಒಂದು ತುದಿಯ ಎತ್ತು ಕಾಲು ಜಾರಿ ಎಳೆಯದೆ ಹೋದರೆ ಇನ್ನೊಂದರ ಬಲವು ನೊಗವನ್ನು ಓರೆ ಮಾಡುವುದೇ ಹೊರತು ಗಾಡಿ ಮುಂದೆ ಸಾಗದು. ಹಾಗೆಯೇ ಮುಂದಿನ ಚಕ್ರ ಕೆಸರಿನಲ್ಲಿ ಸುಮ್ಮನೆ ತಿರುಗಿದರೆ ಹಿಂದಿನದಕ್ಕೂ ಬಲ ಬಾರದು. ಇದನ್ನು ತಡೆಯಲು ಪಕ್ಕದಲ್ಲಿ ವಿಸ್ಕಸ್ ಕಪ್ಲಿಂಗ್ ಎಂಬ ಮುಚ್ಚಿದ ಡಬ್ಬಿಯನ್ನಿಟ್ಟಿರುವರು. ಅದರೊಳಗೆ ಒಂದು ಬಿಟ್ಟು ಒಂದರಂತೆ ಮುಂದಿನ ದಂಡಕ್ಕೂ ಹಿಂದಿನ ದಂಡಕ್ಕೂ ಸೇರಿದ ತೆಳು ಬಿಲ್ಲೆಗಳು. ನಡುವೆ ಬಹು ಮಂದವಾದ ಸಿಲಿಕೋನ್ ಎಣ್ಣೆ. ಆಲೆಮನೆಯ ಕೊಪ್ಪರಿಗೆಯಲ್ಲಿ ಮಂದವಾದ ಪಾಕದೊಳಗೆ ಹುಟ್ಟನ್ನು ಮೆಲ್ಲನೆ ಆಡಿಸಬಹುದು, ಬೀಸಿ ತಿರುಗಿಸಹೋದರೆ ಪಾಕವು ಹುಟ್ಟನ್ನು ಹಿಡಿದುಕೊಳ್ಳುವುದು. ಬಿಲ್ಲೆಗಳ ವೇಗದಲ್ಲಿ ಹೆಚ್ಚು ಅಂತರ ಬಿದ್ದಾಗ ಎಣ್ಣೆಯೂ ಹೀಗೆಯೇ ಎರಡನ್ನೂ ಹಿಡಿದು ಒಂದು ಮಾಡುವುದು. ಗಣಕಯಂತ್ರವಿಲ್ಲ, ತಂತಿಯಿಲ್ಲ. ಆದರೆ ಚಕ್ರ ಜಾರಿದ ಮೇಲೆಯೇ ಇದಕ್ಕೆ ಎಚ್ಚರ.

ಆಟೋಮ್ಯಾಟಿಕ್ ಗೇರುಪೆಟ್ಟಿಗೆಯಲ್ಲಿ ಎಣ್ಣೆಯ ಪಂಪು, ಎಣ್ಣೆಯ ಒತ್ತಡ, ಅದನ್ನು ಆಳುವ ಗಣಕಯಂತ್ರ ಇವು ಮೊದಲೇ ಇರುವುವು. ಇದ್ದುದನ್ನೇ ಬಳಸಿಕೊಂಡು, ಪೆಟ್ಟಿಗೆಯ ಬಾಲದಲ್ಲಿ ಎಣ್ಣೆಯಲ್ಲಿ ಮುಳುಗಿದ ಅನೇಕ ಬಿಲ್ಲೆಗಳ ಕ್ಲಚ್ಚೊಂದನ್ನು ಇಟ್ಟಿರುವರು. ಮುಂದಿನ ಚಕ್ರಗಳಿಗೆ ನೇರವಾದ ಸಂಬಂಧ. ಹಿಂದಿನವುಗಳಿಗೆ ಈ ಕ್ಲಚ್ಚಿನ ಮೂಲಕ. ಬಹುತೇಕ ಸುಬಾರು ಆಟೋಮ್ಯಾಟಿಕ್ಕುಗಳಲ್ಲಿ ಸಾಧಾರಣ ಓಟದಲ್ಲಿ ನೂರರಲ್ಲಿ 60 ಮುಂದಕ್ಕೂ 40 ಹಿಂದಕ್ಕೂ ಹೋಗುವುದು. ಚಾಲಕನು ಆಕ್ಸಿಲರೇಟರನ್ನು ಬಲವಾಗಿ ತುಳಿದ ಕೂಡಲೆ, ಚಕ್ರ ಜಾರುವುದಕ್ಕೆ ಮೊದಲೇ, ಯಂತ್ರವು ಕ್ಲಚ್ಚನ್ನು ಒತ್ತಿ ಹಿಂದಕ್ಕೆ ಹೆಚ್ಚು ಬಲ ಕಳುಹಿಸಬಲ್ಲುದು. ಕೆಸರಿನಲ್ಲಿ ಹೊರಡುವುದಕ್ಕೆ ಇದು ಮೇಲಾದ ಕ್ರಮವೆಂದೇ ಹೇಳಬೇಕು.

ರಕ್ಷಣೆಯಲ್ಲಿಯೂ ಭೇದವುಂಟು. ಚಕ್ರವೊಂದು ಒಡೆದು ಸಣ್ಣ ಸ್ಟೆಪ್ನಿ ಹಾಕಬೇಕಾದಾಗ, ಸುಬಾರುವಿನ ಹಳೆಯ ಆಟೋಮ್ಯಾಟಿಕ್ಕುಗಳಲ್ಲಿ ನಿಯಮಿತ ಸ್ಥಳದಲ್ಲಿ ಒಂದು ಫ್ಯೂಸನ್ನು ಸಿಕ್ಕಿಸಿದರೆ ಹಿಂದಿನ ಎಳೆತವೇ ಬಿಟ್ಟುಹೋಗುವುದು. ಮ್ಯಾನ್ಯುಯಲ್ಲಿನಲ್ಲಿ ಅಂಥ ಉಪಾಯವಿಲ್ಲ. ಕೆಟ್ಟು ನಿಂತ ಮ್ಯಾನ್ಯುಯಲ್ ಸುಬಾರುವನ್ನು ನ್ಯೂಟ್ರಲ್ಲಿನಲ್ಲಿಟ್ಟು ನಾಲ್ಕು ಚಕ್ರಗಳೂ ನೆಲದ ಮೇಲಿರುವಂತೆ ಎಳೆಯಬಹುದು. ಆಟೋಮ್ಯಾಟಿಕ್ಕಿನಲ್ಲಿ ಎಂಜಿನ್ ನಿಂತರೆ ಎಣ್ಣೆಯ ಪಂಪೂ ನಿಲ್ಲುವುದರಿಂದ, ಟ್ರ್ಯಾಕ್ಟರಿಗೆ ಹಗ್ಗ ಬಿಗಿದು ಪಟ್ಟಣದ ಗ್ಯಾರೇಜಿನವರೆಗೆ ಎಳೆದೊಯ್ದರೆ ಬಿಲ್ಲೆಗಳು ಎಣ್ಣೆಯಿಲ್ಲದೆ ಉಜ್ಜಿ ಹಾಳಾಗುವುವು. ನಾಲ್ಕು ಚಕ್ರಗಳನ್ನೂ ಎತ್ತಿ ಲಾರಿಯ ಮೇಲೆ ಸಾಗಿಸತಕ್ಕದ್ದು. ಎರಡು ಚಕ್ರ ಎತ್ತಿ ಎರಡನ್ನು ಉರುಳಬಿಡುವ ಪದ್ಧತಿಯು ಎರಡು ಬಗೆಯವಕ್ಕೂ ಮಾರಕ.

ಮೇಲಿನ ಭೇದವನ್ನು ಎಲ್ಲ ಕಾರುಗಳಿಗೂ ಅನ್ವಯಿಸಲಾಗದು. 2014ರ ರೆನೋ ಡಸ್ಟರ್, 2022ರ ಮಾರುತಿ ಗ್ರ್ಯಾಂಡ್ ವಿಟಾರಾ ಇವುಗಳಲ್ಲಿ ಗಣಕಯಂತ್ರವು ಆಳುವ ಕ್ಲಚ್ಚನ್ನು ಗೇರುಪೆಟ್ಟಿಗೆಯಿಂದ ಬೇರ್ಪಡಿಸಿ ಹಿಂದಿನ ಇರುಸಿನ ಬಳಿ ಇಟ್ಟಿದ್ದರಿಂದ, ಅದು ಮ್ಯಾನ್ಯುಯಲ್ಲಿನೊಡನೆಯೇ ಬಂದಿತು. ಕೊಳ್ಳುವವರು ಸನ್ನೆಗೋಲಿದೆಯೇ ಎಂದು ಮೊದಲು ಕೇಳಿ, ಇಲ್ಲವಾದರೆ ಬಲ ಹಂಚುವ ಕ್ಲಚ್ಚು ಎಲ್ಲಿದೆ, ಅದನ್ನು ಆಳುವುದು ಯಾವುದು ಎಂದು ಕೇಳಿ ತಿಳಿಯಬೇಕು. ನಾಲ್ಕು ಚಕ್ರಗಳ ಬಲವು ಹೊರಡುವುದಕ್ಕೆ ಸಹಾಯವೇ ಹೊರತು ಬ್ರೇಕು ಹಾಕಿ ನಿಲ್ಲಿಸುವುದಕ್ಕಲ್ಲ. ಇದನ್ನು ಚಾಲಕನಿಗೆ ಬಿಡಿಸಿ ಹೇಳತಕ್ಕದ್ದು.

ಇನ್ನು ಟೈರುಗಳ ಮಾತು. ಎರಡು ಸವೆದಾಗ ಎರಡನ್ನೇ ಬದಲಾಯಿಸುವುದು ನಮ್ಮಲ್ಲಿ ರೂಢಿ. ಸದಾ ನಾಲ್ಕು ಚಕ್ರಗಳಿಗೂ ಬಲವಿರುವ ಕಾರಿನಲ್ಲಿ ಹಾಗೆ ಮಾಡಿದರೆ, ನೇರವಾದ ರಸ್ತೆಯಲ್ಲಿಯೂ ಸವೆದ ಜೊತೆ ಹೆಚ್ಚು ಸುತ್ತು ತಿರುಗುತ್ತ, ಮ್ಯಾನ್ಯುಯಲ್ಲಿನಲ್ಲಿ ಕಪ್ಲಿಂಗಿನ ಎಣ್ಣೆಯನ್ನೂ ಆಟೋಮ್ಯಾಟಿಕ್ಕಿನಲ್ಲಿ ಕ್ಲಚ್ಚಿನ ಬಿಲ್ಲೆಗಳನ್ನೂ ದಿನವಿಡೀ ಕಾಯಿಸುವುದು. ನಾಲ್ಕು ಟೈರುಗಳ ಸುತ್ತಳತೆಯು ಕಾಲು ಅಂಗುಲಕ್ಕಿಂತ ಹೆಚ್ಚು ವ್ಯತ್ಯಾಸವಾಗಬಾರದೆಂಬುದು ಸುಬಾರುವಿನವರ ನಿಯಮ. ಅದು ಟೈರಿನ ಮೈಯಲ್ಲಿ ಸುಮಾರು ಒಂದು ಮಿಲಿಮೀಟರಿನಷ್ಟೇ ಸವೆತ. ಗಾಡಿಯನ್ನು ಎತ್ತಿ ನಿಲ್ಲಿಸಿ, ಗಾಳಿ ಸಮನಾಗಿ ತುಂಬಿಸಿ, ದರ್ಜಿಯವರ ಟೇಪನ್ನು ಟೈರಿನ ನಡುಮೈಯ ಮೇಲೆ ಸುತ್ತಿ ನಾಲ್ಕನ್ನೂ ಅಳೆದು ಬರೆದಿಟ್ಟುಕೊಂಡರೆ ಸಾಕು. ಮಳೆಗಾಲಕ್ಕೆ ಮೊದಲೊಂದು ಸಲವೂ ಕೊಯ್ಲಿಗೆ ಮೊದಲೊಂದು ಸಲವೂ ಅಳೆಯತಕ್ಕದ್ದು.