ಗೆದ್ದವರ ಪುಸ್ತಕ ಓದುವಾಗ

ನಾಯಕತ್ವದ ಪುಸ್ತಕಗಳನ್ನು ಧಾರಾಳವಾಗಿ ಓದಿ. ಆದರೆ ಗೆದ್ದವರಲ್ಲಿ ಕಂಡ ಗುಣಗಳೇ ಗೆಲುವಿಗೆ ಕಾರಣವೆಂದು ತಟ್ಟನೆ ಒಪ್ಪಿಬಿಡಬೇಡಿ. ಜಿಮ್ ಕಾಲಿನ್ಸ್ ಅವರ ‘ಗುಡ್ ಟು ಗ್ರೇಟ್’ 2001ರಲ್ಲಿ ಅಮೆರಿಕದ 11 ಕಂಪನಿಗಳನ್ನು ಮೇಲ್ಪಂಕ್ತಿಯಾಗಿ ತೋರಿಸಿತು. ಅವುಗಳಲ್ಲೊಂದಾದ ಎಲೆಕ್ಟ್ರಾನಿಕ್ಸ್ ಮಳಿಗೆ ಸರಣಿ ಸರ್ಕ್ಯೂಟ್ ಸಿಟಿ 2008ರಲ್ಲಿ ದಿವಾಳಿ ಅರ್ಜಿ ಸಲ್ಲಿಸಿ, ಮರುವರ್ಷ ಅಂಗಡಿಗಳಿಗೆಲ್ಲ ಬೀಗ ಜಡಿಯಿತು. ಅದೇ ಪಟ್ಟಿಯಲ್ಲಿದ್ದ ಗೃಹಸಾಲ ಕ್ಷೇತ್ರದ ಫ್ಯಾನಿ ಮೇ ಸರ್ಕಾರದ ಸುಪರ್ದಿಗೆ ಹೋಯಿತು. ಕಂಪನಿ ಆಮೇಲೆ ದಾರಿ ತಪ್ಪಿದರೆ ಪುಸ್ತಕದ್ದೇನು ತಪ್ಪು ಎನ್ನಬಹುದು. ಹಿಂದುಳಿದ ಕಂಪನಿಗಳನ್ನೂ ಕಾಲಿನ್ಸ್ ಹೋಲಿಸಿ ನೋಡಿದ್ದರು, ನಿಜ. ಆದರೂ ಗುಣಗಳ ಬಗ್ಗೆ ಜನರ ಮಾತು ಫಲಿತಾಂಶ ನೋಡಿ ಬದಲಾಗುತ್ತದೆ: ಷೇರು ಏರುತ್ತಿರುವಾಗ ವಿಚಾರಿಸಿದರೆ ಮುಖ್ಯಸ್ಥ ಎಲ್ಲರ ಬಾಯಲ್ಲೂ ದೃಢಮನಸ್ಕ. ಬಿದ್ದ ಮೇಲೆ ಅದೇ ಮನುಷ್ಯ ಹಟಮಾರಿ!

ಹಾಗೆಂದು ಪುಸ್ತಕ ಬಿಸಾಡಬೇಕಿಲ್ಲ. ಸೋಲಿನ ಹೊಣೆ ತಾನು ಹೊತ್ತು ಗೆಲುವಿನ ಶ್ರೇಯ ಇತರರಿಗೆ ಕೊಡುವ ನಡತೆಯನ್ನು ಅದು ಮೆಚ್ಚುತ್ತದೆ. ಲಾಭ ತಾರದಿದ್ದರೂ ಆ ನಡತೆ ಪಾಲಿಸತಕ್ಕದ್ದೇ. ಉಳಿದ ಸೂತ್ರಗಳನ್ನು ನಿಮ್ಮ ಕಚೇರಿಯಲ್ಲಿ ಒಂದೊಂದಾಗಿ ಪರೀಕ್ಷಿಸಿ ನೋಡಿ.